ಎರಡನೆಯ ಸಾಲಿನ ನಗು

ನನ್ನ ಹೆಂಡತಿಗೆ ನಗುವುದನ್ನು ಕಲಿಸಿದವನು ನಾನು. ಹೀಗೆಂದರೆ ಜನ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲಿ. ನಮ್ಮ ಕಸುಬಿನ ಗುಟ್ಟು ಗೊತ್ತಿಲ್ಲದವರ ಜತೆ ನಾನು ವಾದಕ್ಕಿಳಿಯುವುದಿಲ್ಲ.

ಗುಟ್ಟು ಇಷ್ಟೇ. ನಗಲೆಂದೇ ಟಿಕೆಟ್ಟು ಕೊಂಡು ಬಂದು ಕೂತ ಜನ ಕೂಡ ಮೊದಲು ನಗುವುದಕ್ಕೆ ಹೆದರುತ್ತಾರೆ. ಪಕ್ಕದವನು ನಕ್ಕರೆ ನಗೋಣ ಅಂತ ಇವನು, ಇವನು ನಕ್ಕರೆ ನಗೋಣ ಅಂತ ಅವನು. ಇಬ್ಬರೂ ಮುಖ ಬಿಗಿದುಕೊಂಡು ಕೂತಿರುವಾಗ ಮೈಕಿನ ಮುಂದೆ ನಿಂತವನ ಬೆನ್ನಲ್ಲಿ ಬೆವರಿಳಿಯುತ್ತಿರುತ್ತದೆ. ಅದಕ್ಕೇ ಸ್ಟ್ಯಾಂಡಪ್ ಕಾಮಿಡಿ ಮಾಡುವ ನಾವೆಲ್ಲ ನಮ್ಮ ಕಡೆಯ ಒಬ್ಬರನ್ನು ಮುಂದಿನ ಸಾಲುಗಳಲ್ಲಿ ಕೂರಿಸಿಕೊಳ್ಳುತ್ತೇವೆ. ಒಬ್ಬ ತಮ್ಮನನ್ನು ಕರೆತರುತ್ತಾನೆ, ಇನ್ನೊಬ್ಬ ರೂಮಿನ ಗೆಳೆಯನನ್ನು. ಮೊದಲು ನಗುವುದು ಅವರ ಕೆಲಸ. ಒಬ್ಬರು ನಕ್ಕರೆಂದರೆ ಉಳಿದವರಿಗೆ ಧೈರ್ಯ ಬರುತ್ತದೆ. ನನ್ನ ಪಾಲಿಗೆ ಆ ಒಬ್ಬರು ನನ್ನ ಹೆಂಡತಿ. ಎರಡನೆಯ ಸಾಲು, ಓಡಾಡುವ ದಾರಿಯ ಪಕ್ಕದ ಕುರ್ಚಿ.

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಯಾವ ಕೆಲಸ ಹೇಳಿದರೂ ಅಚ್ಚುಕಟ್ಟು. ಹೊಸ ಜೋಕುಗಳನ್ನೆಲ್ಲ ನಾನು ಅಡುಗೆಮನೆಯಲ್ಲಿ ಅವಳಿಗೆ ಒಪ್ಪಿಸುತ್ತೇನೆ. ನಗಬೇಕಾದ ಕಡೆ ಬೆರಳೆತ್ತುತ್ತೇನೆ. "ಇಲ್ಲಿ ಸಣ್ಣದು. ಇಲ್ಲಿ ದೊಡ್ಡದು. ಇಲ್ಲಿ ನಗಬೇಡ, ಸುಮ್ನೆ ಉಸಿರು ಎಳ್ಕೋ ಸಾಕು." ಅವಳು ತರಕಾರಿ ಹೆಚ್ಚುತ್ತಲೇ ತಲೆಯಾಡಿಸುತ್ತಾಳೆ. ಶನಿವಾರದ ಶೋನಲ್ಲಿ ಒಂದೂ ತಪ್ಪುವುದಿಲ್ಲ. ಗಂಟೆ ಹೊಡೆದ ಹಾಗೆ ಸ್ಪಷ್ಟವಾದ, ದುಂಡನೆಯ ನಗು. ಹೆಂಡತಿಯ ನಗುವೆಂದರೆ ಅದೇ ಎಂದು ನಾನು ನಂಬಿಕೊಂಡಿದ್ದೆ.

ನಾನು ಮೂಲತಃ ನಾಟಕದವನು. ನಾಟಕದವನು ಎಂದ ಕೂಡಲೇ ರಾಜ, ಖಳನಾಯಕ ಎಂದೆಲ್ಲ ತಿಳಿಯಬೇಡಿ. ನಮ್ಮ ತಂಡದ ಯಾವ ನಾಟಕದಲ್ಲಾದರೂ ಬಾಗಿಲು ಇದ್ದರೆ ಅದನ್ನು ತೆರೆಯುವವನು ನಾನು. 'ಯಜಮಾನರೇ, ಯಾರೋ ಬಂದಿದ್ದಾರೆ' ಎಂಬ ಒಂದೇ ಮಾತನ್ನು ಬೇರೆ ಬೇರೆ ಮೀಸೆ ಅಂಟಿಸಿಕೊಂಡು ವರ್ಷಗಟ್ಟಲೆ ಹೇಳಿದ್ದೇನೆ. ದನಿ ಮಾತ್ರ ಕಂಚು. ಕೊನೆಯ ಸಾಲಿನಲ್ಲಿ ನಿದ್ದೆ ಹೋದವನೂ ಎದ್ದು ಯಾರು ಬಂದರೆಂದು ನೋಡಬೇಕು, ಹಾಗೆ. ಒಮ್ಮೆ ನಿರ್ದೇಶಕರು ಬಡ್ತಿ ಕೊಟ್ಟು ಹೆಣದ ಪಾತ್ರ ಕೊಟ್ಟರು. ನಾಯಕ ನನ್ನೆದೆಯ ಮೇಲೆ ಬಿದ್ದು ಅಳುವಾಗ ಅವನ ವಿಗ್ಗಿನ ಕೂದಲು ಮೂಗಿಗೆ ತಾಗಿ ನಾನು ಸೀನಿಬಿಟ್ಟೆ. ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಿರ್ದೇಶಕರು ಒಳಗೆ ಕರೆದು ನೀರಿಳಿಸಿದರು. ನಾಯಕ ಇಂದಿಗೂ ನನ್ನ ಜತೆ ಮಾತಾಡುವುದಿಲ್ಲ. ಆದರೆ ಆ ನಗು ನನ್ನ ತಲೆಗೇರಿತ್ತು. ಸತ್ತಾಗಲೇ ಇಷ್ಟು ನಗಿಸಿದವನು ಬದುಕಿದ್ದು ಇನ್ನೆಷ್ಟು ನಗಿಸಿಯೇನು ಎಂದು ಸ್ಟ್ಯಾಂಡಪ್ಪಿಗೆ ಇಳಿದೆ.

ಹಗಲು ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್, ಸಂಜೆ ನಾಟಕದ ತಾಲೀಮು, ಶನಿವಾರ ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಕಾಮಿಡಿ. ಅಲ್ಲಿ ಹಿಂದುಗಡೆ ಚಪ್ಪಲಿ ಡಬ್ಬಗಳನ್ನು ಪೇರಿಸಿ ಅದಕ್ಕೊಂದು ಕಪ್ಪು ಪರದೆ ಎಳೆದಿರುತ್ತಾರೆ. ಮುಂದೆ ಪ್ಲಾಸ್ಟಿಕ್ ಕುರ್ಚಿಗಳು. ಹೊಸ ರಬ್ಬರಿನ, ಗೋಂದಿನ ವಾಸನೆ. ಒಂದು ಮೈಕು, ಒಂದು ಲೈಟು. ಆ ಲೈಟು ನೆಟ್ಟಗೆ ಕಣ್ಣಿಗೇ ಹೊಡೆಯುವುದರಿಂದ ಮೈಕಿನ ಮುಂದೆ ನಿಂತವನಿಗೆ ಎದುರಿಗೆ ಬರೀ ಕತ್ತಲೆ. ಹೀಗಾಗಿ ಹೆಂಡತಿ ನನ್ನ ಜೋಕಿಗೆ ನಗುವುದನ್ನು ನಾನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ.

ಅಲ್ಲಿಗೆ ಬಂದ ಲಿಫ್ಟು.

ಅವನು ಲಿಫ್ಟ್ ರಿಪೇರಿ ಮಾಡುವವನು. ಅದಕ್ಕೇ ನಾವೆಲ್ಲ ಅವನನ್ನು ಲಿಫ್ಟು ಎಂದು ಕರೆಯತೊಡಗಿದೆವು. ಸಣಕಲು ಆಳು. ಕಂಪನಿಯ ನೀಲಿ ಶರ್ಟಿನಲ್ಲೇ ಬಂದಿದ್ದ, ಜೇಬಿನಲ್ಲಿ ಇನ್ನೂ ಸ್ಕ್ರೂಡ್ರೈವರ್. ಮೈಕಿನ ಮುಂದೆ ಹೋಗಿ ತನ್ನ ಬೂಟು ನೋಡುತ್ತಾ ನಿಂತ. ನಿಂತೇ ಇದ್ದ. ನಾನು ಆಗಷ್ಟೇ ಮುಗಿಸಿ, ಹಿಂದಿನ ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದೆ. ಪಾಪ, ಇವನ ಕಥೆ ಮುಗೀತು ಎಂದುಕೊಂಡೆ. ಪಾಪ ಎಂದುಕೊಳ್ಳುವಷ್ಟು ದೊಡ್ಡ ಮನಸ್ಸು ಅವತ್ತಿನವರೆಗೂ ನನಗಿತ್ತು.

ಅವನು ಗೊಣಗಿದ. "ಲಿಫ್ಟಲ್ಲಿ ಗಂಡ ಹೆಂಡ್ತಿ ಸಿಕ್ಕಿಹಾಕ್ಕೊಂಡಿದ್ರು. ಬೆಳಿಗ್ಗೆಯಿಂದ ಇಬ್ಬರೂ ಮಾತು ಬಿಟ್ಟಿದ್ರಂತೆ. ನಾನು ಹೋಗಿ ಬಾಗಿಲು ತೆಗೆಯೋ ಹೊತ್ತಿಗೆ ರಾಜಿ ಆಗಿತ್ತು. ಆ ಅಮ್ಮ ನನ್ನ ಕೈ ಹಿಡ್ಕೊಂಡು ಕೇಳಿದ್ರು, 'ತಿಂಗಳಿಗೊಂದ್ಸಲ ಬಂದು ಕೆಡಿಸಿ ಹೋಗ್ತೀರಾ?'" ಮತ್ತೆ ಬೂಟು ನೋಡಿದ. "ಗಂಡ ಹಿಂದೆ ನಿಂತ್ಕೊಂಡು ಬೇಡ ಬೇಡ ಅಂತ ಕೈಯಾಡಿಸ್ತಿದ್ದ."

ಆಗ ಒಂದು ಸದ್ದು ಬಂತು. ಮೊದಲು ಮೂಗಿನಿಂದ ಗೊರ್ ಎಂದಿತು, ಆಮೇಲೆ ಕೀಲು ಸಡಿಲಿದ ಗೇಟಿನ ಹಾಗೆ ಕಿರ್ರೆಂದಿತು, ಕೊನೆಗೆ ಬಿಕ್ಕಳಿಕೆಗೆ ತಿರುಗಿತು. ಯಾವಳಪ್ಪಾ ಇವಳು, ಸಭೆಯಲ್ಲಿ ಹೀಗೂ ನಗುತ್ತಾರಾ ಎಂದು ಕತ್ತು ಚಾಚಿ ನೋಡಿದೆ. ಎರಡನೆಯ ಸಾಲು, ದಾರಿ ಪಕ್ಕದ ಕುರ್ಚಿ. ನನ್ನ ಹೆಂಡತಿ ಮಂಡಿಯವರೆಗೂ ಬಗ್ಗಿ, ಕೈಚೀಲದ ಪಟ್ಟಿಯನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು.

ಮೈಯೆಲ್ಲ ಉರಿದುಹೋಯಿತು. ಅವಳು ಅವನ ಕಡೆ ಕಣ್ಣೆತ್ತಿ ನೋಡಿದ್ದರೆ, ಅವನ ಹತ್ತಿರ ಹೋಗಿ ಹಲ್ಲು ಕಿರಿದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅದಕ್ಕೆ ಜಗಳವಾಡಬಹುದು, ಅತ್ತೆ ಮಾವನಿಗೆ ದೂರು ಕೊಡಬಹುದು. ಬಿಕ್ಕಳಿಸಿ ನಕ್ಕಿದ್ದಕ್ಕೆ ಯಾರಿಗೆ ದೂರು ಕೊಡುವುದು? ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕೇಳಿರದ ಸದ್ದನ್ನು ಒಬ್ಬ ಸ್ಕ್ರೂಡ್ರೈವರಿನವನು ಮೊದಲನೆಯ ದಿನವೇ ಎಬ್ಬಿಸಿದ್ದ. ಆ ನಗು ನನಗೆ ಬೇಕಿತ್ತು. ಚಪ್ಪಾಳೆ, ಹೆಸರು, ದೊಡ್ಡ ಸಭಾಂಗಣ ಎಲ್ಲ ಆ ಗಳಿಗೆಯಲ್ಲಿ ಹಾಳಾಗಿ ಹೋಗಲಿ ಎನಿಸಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಅಂಥದ್ದೇನಿತ್ತು ಅದರಲ್ಲಿ?"

"ಯಾವುದರಲ್ಲಿ?"

"ಆ ಲಿಫ್ಟಿನವನ ಜೋಕಲ್ಲಿ."

"ಗೊತ್ತಿಲ್ಲ ರೀ. ಬಂದ್ಬಿಡ್ತು." ಹಾಗೆನ್ನುವಾಗ ಅವಳ ತುಟಿ ಮತ್ತೆ ಅಲುಗಿತು. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆಂದು ಭುಜ ನೋಡಿದರೇ ತಿಳಿಯುತ್ತಿತ್ತು. ನಾನು ಇಳಿಯುವ ಸ್ಟಾಪಿನವರೆಗೂ ಹಲ್ಲು ಕಡಿದುಕೊಂಡು ಕೂತೆ.

ಮಾರನೆಯ ದಿನದಿಂದ ನಾನೂ ಗೊಣಗಿ ನೋಡಿದೆ. ನೆಲ ನೋಡುತ್ತಾ ಮಾತಾಡಿದೆ. ತಿಂಡಿಯ ಹೊತ್ತಿಗೆ ಹಾಸಿಗೆ ಅಂಗಡಿಯ ಗಿರಾಕಿಯ ಕಥೆಯೊಂದನ್ನು ಬೂಟಿನ ಬದಲು ಬರಿಗಾಲು ನೋಡಿಕೊಂಡು ಹೇಳಿದೆ. ನಮ್ಮ ಜತೆಗಿರುವ ಅಮ್ಮ ತಟ್ಟೆ ಪಕ್ಕಕ್ಕಿಟ್ಟು, "ಕತ್ತು ಹಿಡ್ಕೊಂಡಿದೆಯೇನೋ? ಬಿಸಿನೀರಿನ ಚೀಲ ಇಟ್ಕೋ. ಗಂಟಲೂ ಕಟ್ಟಿದ ಹಾಗಿದೆ" ಎಂದಳು. ಹೆಂಡತಿ ಮಾತ್ರ ಕಥೆ ಮುಗಿದದ್ದನ್ನು ಗಮನಿಸಿ, ತಕ್ಷಣ ಆ ಗಂಟೆಯಂಥ ನಗು ನಕ್ಕಳು. ಅಭ್ಯಾಸಬಲ.

"ಅದು ಮನೇಲಿ ಬೇಡ ಕಣೇ," ಎಂದೆ.

"ಮತ್ತೆ ಜೋಕು ಹೇಳಿದ್ರಲ್ಲ?"

ನಿಜ ಹೇಳುವುದಕ್ಕೆ ನಾಚಿಕೆ, ಹೇಳದಿದ್ದರೆ ಉರಿ. ನಾಟಕದ ತಾಲೀಮಿನಲ್ಲಿ 'ಯಜಮಾನರೇ, ಯಾರೋ ಬಂದಿದ್ದಾರೆ' ಎಂದಾಗ ನಿರ್ದೇಶಕರು ತಡೆದು, "ಬಂದಿರೋದು ಅಳಿಯ ಕಣಯ್ಯಾ, ಕಳ್ಳ ಅಲ್ಲ. ಯಾಕೆ ಹಾಗೆ ಕಣ್ಣು ಬಿಡ್ತೀಯ?" ಎಂದರು. ಎಲ್ಲಿ ನೋಡಿದರೂ ನನಗೆ ಆ ನೀಲಿ ಶರ್ಟೇ ಕಾಣುತ್ತಿತ್ತು.

ಅಷ್ಟರಲ್ಲಿ ಅವನೇ ಒಂದು ಮಧ್ಯಾಹ್ನ ಹಾಸಿಗೆ ಅಂಗಡಿಗೆ ಬಂದ. ಬಾಗಿಲ ಬಳಿ ಕಾಲೊರೆಸಿಕೊಂಡು, ಕೈ ಕಟ್ಟಿ ನಿಂತ.

"ಅಣ್ಣಾ, ಒಂದು ಸಹಾಯ ಕೇಳ್ಬೇಕಿತ್ತು. ತಪ್ಪು ತಿಳ್ಕೋಬೇಡಿ."

"ಹೇಳು."

"ಅವತ್ತು ಅತ್ತಿಗೆ ನನಗೂ ನಕ್ಕು ಕೊಟ್ರಲ್ಲ. ದೊಡ್ಡ ಉಪಕಾರ ಆಯ್ತು. ಅವರು ಶುರು ಮಾಡದೇ ಇದ್ದಿದ್ರೆ ನಾನು ಅಲ್ಲೇ ಬೆವತು ಬಿದ್ದುಹೋಗ್ತಿದ್ದೆ. ನನಗೆ ಕರ್ಕೊಂಡು ಬರೋಕೆ ಯಾರೂ ಇಲ್ಲ, ಒಬ್ಬನೇ ಇರೋದು. ಮುಂದಿನ ತಿಂಗಳು ಒಂದು ಶನಿವಾರ ನನಗೂ ಹದಿನೈದು ನಿಮಿಷ ಮೈಕು ಕೊಟ್ಟಿದ್ದಾರೆ. ಅತ್ತಿಗೆ ಅವತ್ತು ನನಗೂ ಸ್ವಲ್ಪ ನಗ್ತಾರಾ ಅಂತ..."

ಆ ಪುಣ್ಯಾತ್ಮ ಅದನ್ನು ಬಾಡಿಗೆಯ ನಗು ಎಂದು ತಿಳಿದಿದ್ದ! ತನಗೇನು ಸಿಕ್ಕಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ನಿಜ ಹೇಳಬಹುದಿತ್ತು. ಆದರೆ ಅದೇ ಕ್ಷಣದಲ್ಲಿ ತಲೆಯೊಳಗೆ ಒಂದು ಹುಳ ಹೊಕ್ಕಿತು. ಒಂದೇ ಜೋಕನ್ನು ಮತ್ತೆ ಮತ್ತೆ ಕೇಳಿದರೆ ಏನಾಗುತ್ತದೆಂದು ನಾಟಕದವನಾದ ನನಗೆ ಗೊತ್ತಿಲ್ಲವೇ? ಮೊದಲ ತಾಲೀಮಿನಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕ ಮಾತಿಗೆ, ಪರದೆ ಏಳುವ ಹೊತ್ತಿಗೆ ತಂಡದಲ್ಲಿ ಯಾರ ಹುಬ್ಬೂ ಏರುವುದಿಲ್ಲ. ಅವಳಿಗೆ ಅವನ ಜೋಕನ್ನು ಉಣಿಸಬೇಕು. ಬೆಳಿಗ್ಗೆ ಉಣಿಸಬೇಕು, ಸಂಜೆ ಉಣಿಸಬೇಕು, ಸಾಕೋ ಸಾಕು ಎನ್ನುವವರೆಗೆ ಉಣಿಸಬೇಕು.

"ಅದಕ್ಕೇನಂತೆ? ಮನೆಗೇ ಬಾ," ಎಂದೆ. "ಅತ್ತಿಗೆಗೆ ಮೊದಲೇ ಎಲ್ಲ ಕೇಳಿಸ್ಬೇಕು, ಎಲ್ಲಿ ನಗ್ಬೇಕು ಅಂತ ತೋರಿಸ್ಬೇಕು. ನಾನು ಕೂತು ಮಾಡಿಸ್ತೀನಿ." ಅವನ ಕಣ್ಣಲ್ಲಿ ನೀರೇ ಬಂತು. ಅದನ್ನು ನೋಡಿಯೂ ನನ್ನ ಮನಸ್ಸು ಕರಗಲಿಲ್ಲ.

ಹೆಂಡತಿಗೆ ಹೇಳಿದೆ. "ಅವರಿಗೆ ಕಲಿತು ಯಾಕೆ ನಗ್ಬೇಕು? ಅದು ತಾನಾಗೇ ಬರುತ್ತಲ್ಲ" ಎಂದಳು. ನಾನು, "ತಾನಾಗೇ ಬರೋದನ್ನ ನಂಬ್ಕೊಂಡು ವೇದಿಕೆ ಹತ್ತೋಕಾಗಲ್ಲ" ಎಂದು ದೊಡ್ಡ ಮನುಷ್ಯನಂತೆ ಹೇಳಿದೆ.

ಅವನು ಬರತೊಡಗಿದ. ಡ್ಯೂಟಿ ಮುಗಿಸಿ, ಬಾಗಿಲ ಹೊರಗೆ ಬೂಟು ಬಿಚ್ಚಿಟ್ಟು, ಅಡುಗೆಮನೆಯ ಹೊಸಿಲಲ್ಲಿ ನಿಲ್ಲುತ್ತಿದ್ದ. ಮೊದಲ ಸಂಜೆ ಆ ಗಂಡ ಹೆಂಡತಿ ಜೋಕಿಗೆ ನನ್ನ ಹೆಂಡತಿ ಮತ್ತೆ ಗೊರ್ ಎಂದಳು, ಕೈಯಲ್ಲಿದ್ದ ಈರುಳ್ಳಿ ಉರುಳಿ ಒಲೆಯ ಕೆಳಗೆ ಹೋಯಿತು. ಅಮ್ಮನೂ ಸೆರಗು ಬಾಯಿಗೊತ್ತಿ ನಕ್ಕಳು. ನಾನು ಬೆರಳೆತ್ತಿ, "ಇದು ದೊಡ್ಡದಾಯ್ತು. ಆಮೇಲಿನ ಮಾತು ಮುಚ್ಚಿಹೋಗುತ್ತೆ. ಇಲ್ಲಿ ಮಧ್ಯಮ ಸಾಕು. ಇನ್ನೊಂದ್ಸಲ" ಎಂದೆ. ಅವನು ಇನ್ನೊಂದು ಸಲ ಹೇಳಿದ. ಮತ್ತೊಂದು ಸಲ ಹೇಳಿದ. "ಮೂಗಿನಿಂದ ಬೇಡ, ಗಂಟಲಿಂದ ಬರಲಿ," ಎಂದೆ. "ಬಿಕ್ಕಳಿಕೆ ಬೇಡವೇ ಬೇಡ, ಕೆಟ್ಟದಾಗಿ ಕೇಳುತ್ತೆ."

ಕೆಟ್ಟದಾಗಿ ಕೇಳುತ್ತದೆ ಎಂದು ನಾನೇ ಹೇಳಿದೆ. ಯಾವುದು ಬೇಕೆಂದು ಒಳಗೊಳಗೇ ಸಾಯುತ್ತಿದ್ದೆನೋ ಅದನ್ನೇ.

ದಿನಗಳು ಹೋದ ಹಾಗೆ ಆ ಗೊರ್ ಮೆತ್ತಗಾಯಿತು. ಒಂದು ಸಂಜೆ ಪೂರ್ತಿ ನಿಂತಿತು. ಅವಳು ಈರುಳ್ಳಿಯಿಂದ ಕಣ್ಣೆತ್ತದೆ, ಸರಿಯಾದ ಜಾಗದಲ್ಲಿ, ಗಂಟೆ ಹೊಡೆದ ಹಾಗೆ ನಕ್ಕಳು. ನನ್ನೊಳಗೆ ಒಬ್ಬ ಎದ್ದು ಕುಣಿದ. ಅವತ್ತು ಲಿಫ್ಟಿಗೆ ನಾನೇ ಕಾಫಿ ಮಾಡಿ ಕೊಟ್ಟೆ, ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿದೆ. ಅಮ್ಮ ಮಾತ್ರ ಅವನು ಹೋದ ಮೇಲೆ, "ಆ ಹುಡುಗ ಬಂದಾಗೆಲ್ಲ ಮನೆ ಗಲಗಲ ಅಂತಿತ್ತು. ಈಗ ಯಾಕೋ ಪಾಠ ಒಪ್ಪಿಸಿದ ಹಾಗಿರುತ್ತೆ ಕಣೋ" ಎಂದಳು. ನಾನು ಕೇಳಿಸದವನಂತೆ ಲೋಟ ತೊಳೆದೆ.

ಅವನ ಹದಿನೈದು ನಿಮಿಷದ ದಿನ ಬಂತು. ಕುರ್ಚಿಗಳು ಸಾಲದೆ ಜನ ಗೋಡೆಗುಂಟ ನಿಂತಿದ್ದರು. ಹಿಂದೆ ಜಾಗವಿಲ್ಲದ್ದರಿಂದ ನಾನು ಪಕ್ಕದ ಕಿಟಕಿಯ ಬಳಿ ನಿಂತೆ. ಅಲ್ಲಿಂದ ಎರಡನೆಯ ಸಾಲು ನೇರವಾಗಿ ಕಾಣುತ್ತಿತ್ತು. ಲಿಫ್ಟು ಮೈಕಿನ ಮುಂದೆ ಬೂಟು ನೋಡುತ್ತಾ ನಿಂತ, ಗೊಣಗಿದ. ನನ್ನ ಹೆಂಡತಿ ಸಣ್ಣದಾಗಿ ನಕ್ಕಳು, ಸಭೆ ನಕ್ಕಿತು. ಅವಳು ಮಧ್ಯಮದ್ದು ನಕ್ಕಳು, ಸಭೆ ಉರುಳಾಡಿತು. ನಾನು ಹೇಳಿಕೊಟ್ಟದ್ದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಗೆದ್ದೆ ಎಂದುಕೊಂಡು ಅವಳ ಮುಖ ನೋಡಿದೆ.

ಎರಡು ನಗುವಿನ ನಡುವೆ ಆ ಮುಖದಲ್ಲಿ ಏನೂ ಇರಲಿಲ್ಲ. ಬಸ್ಸಿಗೆ ಕಾಯುವವರು ದಾರಿಯ ತಿರುವಿನ ಕಡೆ ಕಣ್ಣಿಟ್ಟಿರುತ್ತಾರಲ್ಲ, ಹಾಗೆ ಅವಳು ಮುಂದಿನ ಜಾಗಕ್ಕೆ ಕಾಯುತ್ತಿದ್ದಳು. ಜಾಗ ಬಂದಾಗ ಬಾಯಿ ತೆರೆದು ನಕ್ಕಳು, ಮುಗಿದಾಗ ಮುಚ್ಚಿದಳು. ಸುತ್ತ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳೊಬ್ಬಳು ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗಿಟ್ಟುಕೊಂಡು ಡ್ಯೂಟಿ ಮಾಡುತ್ತಿದ್ದಳು. ನಾನು ಲೈಟಿನ ಕೆಳಗೆ ಎದೆ ಉಬ್ಬಿಸಿ ನಿಂತಿದ್ದ ಅಷ್ಟೂ ಶನಿವಾರ ಆ ಕತ್ತಲೆಯಲ್ಲಿ ಇದ್ದದ್ದು ಇದೇ ಮುಖ.

ಮುಗಿದ ಮೇಲೆ ಲಿಫ್ಟು ಓಡಿಬಂದು ನನ್ನ ಕಾಲಿಗೇ ಬೀಳಲು ಹೋದ. ದೊಡ್ಡ ಸಭಾಂಗಣದವರು ಅವನ ನಂಬರು ತೆಗೆದುಕೊಂಡಿದ್ದರಂತೆ. "ಎಲ್ಲ ನಿಮ್ಮಿಂದ ಅಣ್ಣಾ, ಅತ್ತಿಗೆಯಿಂದ," ಎಂದ. ಅವನಿಗೆ ಆದ ನಷ್ಟ ಅವನಿಗೆ ತಿಳಿಯಲಿಲ್ಲ. ನಾನು ಬೆನ್ನು ತಟ್ಟಿದೆ.

ಬೆಳಿಗ್ಗೆ ಅವಳು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಕ್ಲಿಪ್ಪಿನ ಡಬ್ಬ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ.

"ಇನ್ಮೇಲೆ ನಾನು ಶನಿವಾರ ಬರಲ್ಲ ರೀ," ಎಂದಳು.

"ಯಾಕೆ? ಲಿಫ್ಟು ಏನಾದ್ರೂ ಅಂದ್ನಾ?"

"ಅವರೇನಂತಾರೆ ಪಾಪ. ಅವರಿಗೋಸ್ಕರಾನೂ ಬರಲ್ಲ, ನಿಮಗೋಸ್ಕರಾನೂ ಬರಲ್ಲ."

"ನಿನ್ನೆ ಚೆನ್ನಾಗೇ ನಕ್ಕೆಯಲ್ಲ?"

"ನಕ್ಕೆ. ನೀವು ಬೆರಳೆತ್ತಿದ ಕಡೆಯೆಲ್ಲ ನಕ್ಕೆ. ಎಲ್ಲಿ ನಗ್ಬೇಕು ಅಂತ ಗೊತ್ತಾದ್ಮೇಲೆ ಕೇಳೋದಕ್ಕೇನಿರುತ್ತೆ? ಕಾಯೋದು ಅಷ್ಟೇ." ನನ್ನ ಅಂಗಿಯನ್ನು ಝಾಡಿಸಿ ತಂತಿಯ ಮೇಲೆ ಹಾಕಿದಳು. "ನೀವು ಬೇಕೂಂತಲೇ ಅವರನ್ನ ಅಡುಗೆಮನೆಗೆ ಕರೆದ್ರಿ. ಅಲ್ವಾ?"

ಡಬ್ಬದಿಂದ ಕ್ಲಿಪ್ಪೊಂದನ್ನು ತೆಗೆದು ಅವಳ ಕಡೆ ಚಾಚಿದೆ.

"ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ನಗು ದಿನಾ ಸ್ವಲ್ಪ ಸ್ವಲ್ಪ ಹೋಗ್ತಿದ್ದಾಗಲೇ ಗೊತ್ತಾಯ್ತು. ನಿಮ್ಮದೂ ಹೀಗೇ ಹೋಗಿದ್ದು."

"ನನ್ನದಾ? ನನಗೆ ನೀನು ಯಾವತ್ತು ಹಾಗೆ ನಕ್ಕಿದ್ದೆ?"

ಅವಳು ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಮೊದಲ ಸಲ ಕ್ಲಿನಿಕ್ಕಿಗೆ ಬಂದಿದ್ರಲ್ಲ, ದವಡೆ ಊದಿಸ್ಕೊಂಡು? ಅರ್ಧ ಮುಖ ಕುಂಬಳಕಾಯಿ. ಹೆಸರೇನು ಅಂತ ಕೇಳಿದ್ರೆ ನಾಲಿಗೆಯೇ ತಿರುಗ್ತಿರ್ಲಿಲ್ಲ. ಆದ್ರೂ ಮಹಾರಾಜರ ಥರ ಎದೆ ಉಬ್ಬಿಸಿ, ಒಂದು ಕೈ ಮೇಲೆತ್ತಿ ಹೇಳ್ತಿದ್ರಿ. ಏನೂ ಅರ್ಥ ಆಗದೆ ಮತ್ತೆ ಕೇಳಿದೆ. ನೀವು ಇನ್ನೊಂದು ಕೈನೂ ಎತ್ತಿದ್ರಿ. ಎಕ್ಸ್‌ರೇ ರೂಮಿಗೆ ಓಡಿಹೋಗಿ ಬಾಗಿಲು ಹಾಕ್ಕೊಂಡೆ. ಡಾಕ್ಟರು ಬಂದು 'ಯಾಕಮ್ಮಾ ಅಳ್ತಿದ್ದೀಯ' ಅಂತ ಕೇಳಿದ್ರು." ಒದ್ದೆ ಟವೆಲನ್ನು ಹಿಂಡುತ್ತಾ ಹೇಳಿದಳು. "ಮದುವೆ ಆದ್ಮೇಲೂ ಎಷ್ಟೋ ದಿನ ಹಾಗೇ ಇತ್ತು. ಕನ್ನಡಕ ಹಣೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕ್ತಿದ್ರಿ. ನಾನು ಸ್ನಾನದಮನೆಗೆ ಹೋಗಿ ನಕ್ಕು ಬರ್ತಿದ್ದೆ. ಆಮೇಲೆ ನೀವು ಕೂರಿಸಿ ನಗೋದು ಕಲಿಸಿದ್ರಿ."

"ಇದನ್ನೆಲ್ಲ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದನ್ನೂ ಮೈಕ್ ಮುಂದೆ ಮಾಡಿಬಿಡ್ತಿದ್ರಿ."

ಬಕೆಟ್ಟು ಎತ್ತಿಕೊಂಡು ಕೆಳಗಿಳಿದಳು. ಮೆಟ್ಟಿಲ ತಿರುವಿನವರೆಗೂ ಸದ್ದಿರಲಿಲ್ಲ. ಆಮೇಲೆ ಬಕೆಟ್ಟು ಗೋಡೆಗೆ ಬಡಿಯಿತು, ಒಂದು ಗೊರ್ ಕೇಳಿಸಿತು. ಆ ಎತ್ತಿದ ಕೈ ಅವಳಿಗೆ ಮತ್ತೆ ನೆನಪಾಗಿರಬೇಕು. ಕಿರ್ರೆನ್ನುತ್ತಾ, ಬಿಕ್ಕಳಿಸುತ್ತಾ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಗುತ್ತಿದ್ದಳು. ಕೆಳಗಿನಿಂದ ಅಮ್ಮ, "ಏನಾಯ್ತೇ?" ಎಂದು ಕೂಗುತ್ತಿದ್ದಳು.

ನನಗೆ ಹೊಟ್ಟೆಕಿಚ್ಚಾಯಿತು. ಲಿಫ್ಟಿನ ಮೇಲೂ ಅಷ್ಟು ಆಗಿರಲಿಲ್ಲ. ಆ ಊದಿದ ದವಡೆಯವನ ಮೇಲೆ, ಕೌಂಟರಿನ ಮುಂದೆ ಎರಡೂ ಕೈ ಎತ್ತಿ ನಿಂತು, ಏನೂ ಗೊತ್ತಿಲ್ಲದೆ ಎಲ್ಲವನ್ನೂ ಪಡೆದುಕೊಂಡು ಹೋದ ಆ ಪೆದ್ದನ ಮೇಲೆ. ಕೆಳಗೆ ಓಡಿಹೋಗಿ ಅವಳ ಮುಖ ನೋಡಬೇಕೆನಿಸಿತು, ಎಲ್ಲಿ ನಗು ಬಂತು, ಯಾವ ಮಾತಿಗೆ ಬಂತು ಎಂದು ಕೇಳಬೇಕೆನಿಸಿತು. ಹೋಗಲಿಲ್ಲ. ಕ್ಲಿಪ್ಪಿನ ಡಬ್ಬ ಹಿಡಿದುಕೊಂಡು, ಅವಳ ನಗು ತಾನಾಗಿ ಮುಗಿಯುವವರೆಗೂ ಒದ್ದೆ ಬಟ್ಟೆಗಳ ನಡುವೆ ಸದ್ದು ಮಾಡದೆ ನಿಂತಿದ್ದೆ.